ಎರಡು ಬಂಡೆ ಒಂದಾಗುವಲ್ಲಿ

೧

‘ಲಾ ಗರೂವಾ’ ಹಡಗು, ಪುಯೆರ್ತೊ ಅಯೋರಾ
ಆಗಸ್ಟ್ ೯, ೨೦೧೫, ಭಾನುವಾರ

ಅಪ್ಪನಿಗೆ,

ಇಂದು ಆಗಸ್ಟ್ ಒಂಬತ್ತು. ಈ ಪತ್ರದ ಉದ್ದೇಶ ಒಂದೇ: ವೋಲ್ಫ್ ದ್ವೀಪದ ಬಳಿ, ಯಾವ ನಕ್ಷೆಯಲ್ಲೂ ಇಲ್ಲದ, ನೀವು ಮಾತ್ರ ಬಲ್ಲ ಮುಳುಗುಬಂಡೆಯ ಗುರುತನ್ನು ನಿಮ್ಮಿಂದ ಕೇಳಿ ಪಡೆಯುವುದು. ಉಳಿದ ಸಮಾಚಾರವನ್ನು ಇದರ ಕೆಳಗೆ ಬರೆದಿದ್ದೇನೆ. ಓದಲು ಮನಸ್ಸಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಬಹುದು.

ನಾವು ಮಾತಾಡಿ ಎರಡು ವರ್ಷ ಎರಡು ತಿಂಗಳಾಯಿತು. ನಿಮ್ಮ ಕಿವಿಗೆ ಫೋನು ಕೇಳಿಸುವುದಿಲ್ಲ. ನನ್ನ ಹಡಗು ನಿಮ್ಮ ವಿಯಾಮಿಲ್ ಬಂದರಿಗೆ ಬರುವುದಿಲ್ಲ. “ನೀರಿನ ಕೆಳಗೆ ಹೋಗೋದಾದ್ರೆ ಈ ಬಾಗಿಲಿಗೆ ಬರ್ಬೇಡ” ಎಂದು ನೀವೇ ಹೇಳಿದ್ದರಿಂದ ನಾನಾಗಿ ಬರುವ ಪ್ರಶ್ನೆಯೂ ಇಲ್ಲ. ಆದ್ದರಿಂದ ಪತ್ರ.

ಪ್ರವಾಸಿಗರನ್ನು ನೀರಿನೊಳಗೆ ಕರೆದೊಯ್ಯುವ ಮುಳುಗು ಗೈಡ್‌ಗಳ ಪರೀಕ್ಷೆಯಲ್ಲಿ ಮೂವತ್ತೊಂದು ಜನರಲ್ಲಿ ನಾನು ಮೊದಲನೆಯವಳಾಗಿ ಬಂದೆ. ಹೆಣ್ಣೆಂದರೆ ನಾನೊಬ್ಬಳೇ. ಫೆಬ್ರವರಿಯಿಂದ ಈ ಹಡಗಿನಲ್ಲಿದ್ದೇನೆ. ಪ್ರತಿ ಭಾನುವಾರ ಹದಿನಾರು ಅತಿಥಿಗಳನ್ನು ಹತ್ತಿಸಿಕೊಂಡು ವೋಲ್ಫ್, ಡಾರ್ವಿನ್ ದ್ವೀಪಗಳಿಗೆ ಹೋಗುತ್ತೇವೆ. ಮುಂದಿನ ಭಾನುವಾರ ಅವರನ್ನು ಇಳಿಸಿ, ಹಾಸಿಗೆಯ ಹೊದಿಕೆ ಬದಲಿಸಿ, ಬೇರೆ ಹದಿನಾರು ಜನರನ್ನು ಹತ್ತಿಸಿಕೊಳ್ಳುತ್ತೇವೆ.

ಜುಲೈನಲ್ಲಿ ಒಂದು ದಿನ ಊಟದ ಮೇಜಿನಲ್ಲಿ, ಎಲ್ಲ ಹಡಗುಗಳೂ ಅವೇ ಮೂರು ಜಾಗಗಳಿಗೆ ಹೋಗುತ್ತವೆಂದು ಅತಿಥಿಗಳು ಗೊಣಗಿದರು. ನಾನು, “ಯಾರೂ ನೋಡದ ಜಾಗವೊಂದು ನನ್ನ ತಂದೆಗೆ ಗೊತ್ತು” ಎಂದೆ. ಹಡಗಿನ ಯಜಮಾನರಾದ ದೊನ್ ಅಬ್ದೋನ್ ಸೂಪಿನ ಚಮಚವನ್ನು ಕೆಳಗಿಟ್ಟರು. ಅಂಥ ಜಾಗ ಸಿಕ್ಕರೆ ರಾಷ್ಟ್ರೀಯ ಉದ್ಯಾನದ ಕಚೇರಿಗೆ ಅರ್ಜಿ ಹಾಕಿ, ಅಲ್ಲಿಗೆ ಜನರನ್ನು ಇಳಿಸುವ ಪರವಾನಗಿಯನ್ನು ತಮ್ಮ ಹಡಗಿಗೆ ಮೊದಲು ಪಡೆಯುವುದು ಅವರ ಬಯಕೆ. ನವೆಂಬರ್ ಎರಡನೇ ಭಾನುವಾರ ಮುಖ್ಯ ಗೈಡ್ ಯಾರೆಂದು ತೀರ್ಮಾನವಾಗುತ್ತದೆ. ನಾನು, ಇಲ್ಲವೇ ಗುವಾಯಾಕಿಲ್‌ನ ಫಬ್ರೀಸಿಯೊ. ಆತ ಪರೀಕ್ಷೆಯಲ್ಲಿ ಹನ್ನೊಂದನೆಯವನು.

ನನಗೆ ಎಂಟು ವರ್ಷವಿದ್ದಾಗ ನೀವೂ ವಿಲ್ಮರ್ ಚಿಕ್ಕಪ್ಪನೂ ಅಂಗಳದಲ್ಲಿ ಕೂತು, ಮುಳುಗುವವರಿಗೆ ಗಾಳಿ ಕೊಡುವ ಕಂಪ್ರೆಸರ್ ಪೈಪಿಗೆ ತೇಪೆ ಹಾಕುತ್ತಾ ಆ ಬಂಡೆಯ ಮಾತಾಡುತ್ತಿದ್ದಿರಿ. ಶಾರ್ಕುಗಳು ಅಲ್ಲಿ ಎಷ್ಟು ದಟ್ಟವೆಂದರೆ ಕೆಳಗಿದ್ದವನಿಗೆ ಹೊತ್ತು ಮುಳುಗಿದಂತೆ ಕಾಣುತ್ತದೆ ಎಂದು ಚಿಕ್ಕಪ್ಪ ಹೇಳಿದ. ನನ್ನನ್ನು ಕಂಡು ಇಬ್ಬರೂ ಮಾತು ಬದಲಿಸಿದಿರಿ.

ನವೆಂಬರಿನ ಆ ಭಾನುವಾರದೊಳಗೆ ಗುರುತು ತರುತ್ತೇನೆಂದು ದೊನ್ ಅಬ್ದೋನ್ ಅವರಿಗೆ ನಾನು ಮಾತು ಕೊಟ್ಟಾಗಿದೆ. ಎರಡು ಸಾಲು ಸಾಕು.

ಇತಿ,
ಯೊಮೈರಾ ಗುವಾಯ್ಚಾ

೨

ವಿಯಾಮಿಲ್, ಇಸಬೇಲಾ ದ್ವೀಪ
ಆಗಸ್ಟ್ ೨೩

ಯೊಮೈರಾ,

ನಾನು ಬ್ರೆಡ್ ಅಂಗಡಿ ತಾರ್ಹೇಲಿಯಾ. ನಿಮ್ಮಪ್ಪ ಹೇಳ್ತಿದ್ದಾನೆ, ನಾನು ಬರೀತಿದ್ದೀನಿ. ಹೇಳೋದೇನು ಬಂತು, ಕಿರಚ್ತಿದ್ದಾನೆ. ಕಿವಿ ಕೇಳದವನ ಹತ್ರ ಗುಟ್ಟು ನಿಲ್ಲುತ್ತಾ? ಬ್ರೆಡ್ಡಿಗೆ ಬಂದ ನಾಲ್ಕು ಹೆಂಗಸರು ಬ್ರೆಡ್ಡು ಮರೆತು ನಿಂತಿದ್ದಾರೆ.

ಮೊದಲು ಅಂದ, “ಬರಿ. ನಂಗೆ ಯಾವ ಬಂಡೆನೂ ಗೊತ್ತಿಲ್ಲ.”

ನಾನು ಅವನ ಮುಖದ ಮುಂದೆ ಹೋಗಿ, “ಎಫ್ರೇನ್, ಸುಳ್ಳು ಬರೆಯೋಕೆ ನನ್ನ ಪೆನ್ನು ಸಿಗಲ್ಲ” ಅಂದೆ. ತುಟಿ ನೋಡಿ ಅರ್ಥ ಮಾಡ್ಕೊಂಡ.

ಆಮೇಲೆ ಹೇಳಿದ್ದು ಇದು: “ಗುರುತು ಕಾಗದದ ಮೇಲೆ ಬರೆಯೋ ವಸ್ತು ಅಲ್ಲ. ಯಾರ ಕೈಗೆ ದೋಣಿ ಹುಟ್ಟು ಕೊಡ್ತೀವೋ ಅವರನ್ನ ಆ ಜಾಗಕ್ಕೇ ಕರ್ಕೊಂಡ್ಹೋಗಿ, ಅಲ್ಲಿ ನಿಂತು, ಬಾಯಿಂದ ಕಿವಿಗೆ ಹೇಳ್ತೀವಿ. ನನ್ನಪ್ಪ ನಂಗೆ ಹಾಗೇ ಹೇಳಿದ್ದು. ಮೊದಲನೇ ನಂಬರ್ ಬಂದವಳಿಗೆ ಇಷ್ಟೂ ಗೊತ್ತಿಲ್ವಾ? ಬರೀಬೇಕಂತೆ, ಎರಡು ಸಾಲು! ಮೀನಂಗಡಿ ಚೀಟಿನಾ ಅದು?”

“ಮತ್ತೆ ಅವಳನ್ನ ಕರ್ಕೊಂಡ್ಹೋಗಿ ಹೇಳು” ಅಂದೆ. ಅರ್ಥವಾಗದವನ ಹಾಗೆ ಮಾಡಿದ. ಅವನಿಗೆ ಬೇಕಾದಾಗ ಮಾತ್ರ ನನ್ನ ತುಟಿ ಕಾಣೋದು.

ಎದ್ದು ಹೊರಟವನು ಬಾಗಿಲಲ್ಲಿ ನಿಂತು, “ಎಷ್ಟು ಆಳಕ್ಕೆ ಹೋಗ್ತಾಳೆ, ಕೇಳು” ಅಂದ. ಆಮೇಲೆ, “ಬೇಡ, ಅದನ್ನ ಹೊಡೆದುಹಾಕು” ಅಂದ. ನಾನು ಹೊಡೆದುಹಾಕಿಲ್ಲ.

ಬಟಾಣಿ ಹಿಟ್ಟಿನ ಬಿಸ್ಕತ್ತು ಕಳಿಸಿದ್ದೀನಿ, ದೋಣಿಯವನು ದಾರೀಲಿ ತಿನ್ನದಿದ್ರೆ ನಿಂಗೆ.

ತಾರ್ಹೇಲಿಯಾ
(ಎಫ್ರೇನ್ ಹೆಸರಿನಲ್ಲಿ)

೩

‘ಲಾ ಗರೂವಾ’
ಸೆಪ್ಟೆಂಬರ್ ೬

ಅಪ್ಪನಿಗೆ,

ಹೊಡೆದುಹಾಕದ ಪ್ರಶ್ನೆಗೆ ಮೊದಲು ಉತ್ತರ: ಮೂವತ್ತು ಮೀಟರ್. ಅದಕ್ಕಿಂತ ಕೆಳಗೆ ನಾನು ಒಮ್ಮೆಯೂ ಹೋಗಿಲ್ಲ. ಮೇಲೆ ಬರುವಾಗ ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲುತ್ತೇನೆ. ಕೈಗೆ ಕಟ್ಟಿದ ಗಡಿಯಾರ ಹಾಗೂ ಸಿಲಿಂಡರಿನಲ್ಲಿ ಉಳಿದ ಗಾಳಿ ತೋರಿಸುವ ಮುಳ್ಳು, ಎರಡನ್ನೂ ನೋಡುತ್ತೇನೆ. ನೀವು ಒಂದು ಪೈಪನ್ನು ಬಾಯಲ್ಲಿ ಕಚ್ಚಿಕೊಂಡು, ಮೇಲಿನ ಎಂಜಿನ್ನನ್ನು ನಂಬಿ, ಕಡಲಸೌತೆ ಎಂಬ ತಳದ ಜೀವಿಗಳನ್ನು ಆರಿಸಲು ದಿನವಿಡೀ ಕೆಳಗಿರುತ್ತಿದ್ದಿರಿ. ನನ್ನ ಕೆಲಸವನ್ನು ಅದರೊಡನೆ ಹೋಲಿಸಬಾರದು.

ನಿಮ್ಮ ಉಳಿದ ಮಾತನ್ನು ನಾನು ಒಪ್ಪುವುದಿಲ್ಲ. ಆ ಸಂಪ್ರದಾಯ, ದೋಣಿಯಲ್ಲಿ ಗಂಡುಮಕ್ಕಳಷ್ಟೇ ಇದ್ದ ಕಾಲದ್ದು. ನಿಮಗೆ ಮಗನಿಲ್ಲ. ನಿಮ್ಮ ತಮ್ಮನೂ ಇಲ್ಲ. ಹೇಳದೆ ಇಟ್ಟುಕೊಂಡರೆ ಆ ಬಂಡೆ ನಿಮ್ಮೊಂದಿಗೇ ಹೋಗುತ್ತದೆ. ಇಲ್ಲವೇ ಯಾವುದೋ ಹಡಗಿನ ಆಳ ಅಳೆಯುವ ಯಂತ್ರಕ್ಕೆ ಒಂದು ದಿನ ತಾನಾಗಿ ಸಿಕ್ಕಿ, ಆ ಹಡಗಿನ ಹೆಸರು ಪಡೆಯುತ್ತದೆ.

ಕುಶಲವನ್ನು ಯಾರೂ ಕೇಳಿಲ್ಲವಾದರೂ ಬರೆಯುತ್ತೇನೆ. ಭಾನುವಾರ ಸಂಜೆಯೊಳಗೆ ಹದಿನಾರು ಹೊಸ ಹೆಸರುಗಳನ್ನು ಬಾಯಿಪಾಠ ಮಾಡುತ್ತೇನೆ. ನೀರಿನೊಳಗೆ ಅವರ ಪ್ರಾಣ ನನ್ನ ಕೈಬೆರಳ ಸನ್ನೆಯ ಮೇಲೆ ನಿಂತಿರುತ್ತದೆ. ಮುಂದಿನ ಭಾನುವಾರ ಅವರು ನನ್ನನ್ನು ಅಪ್ಪಿಕೊಂಡು, ಎಂದೂ ಮರೆಯುವುದಿಲ್ಲವೆಂದು ಹೇಳಿ ವಿಮಾನ ಹತ್ತುತ್ತಾರೆ. ಮಂಗಳವಾರದ ಹೊತ್ತಿಗೆ ನನಗೇ ಅವರ ಹೆಸರು ಮರೆತಿರುತ್ತದೆ. ಊಟವಾದ ಮೇಲೆ ಅವರು ಮೇಲಿನ ಕೋಣೆಯಲ್ಲಿ ತಾವು ತೆಗೆದ ಚಿತ್ರಗಳನ್ನು ಒಬ್ಬರಿಗೊಬ್ಬರು ತೋರಿಸುತ್ತಾರೆ. ಕೆಳಗೆ ಅಡುಗೆಯವರೂ ನಾವಿಕರೂ ಇಸ್ಪೀಟು ಆಡುತ್ತಾರೆ. ನಾನು ಮೇಲೆ ಹೋದರೆ ಅತಿಥಿಗಳು ಸಕ್ಕರೆ ತಂದುಕೊಡಲು ಹೇಳುತ್ತಾರೆ. ಕೆಳಗೆ ಹೋದರೆ ನಾವಿಕರು ನಗು ನಿಲ್ಲಿಸಿ ನೆಟ್ಟಗೆ ಕೂರುತ್ತಾರೆ. ಆದ್ದರಿಂದ ಹಿಂಭಾಗದಲ್ಲಿ, ಸಿಲಿಂಡರುಗಳ ಸಾಲಿನ ಪಕ್ಕ ಕೂರುತ್ತೇನೆ. ಇದು ದೂರಲ್ಲ. ದಾಖಲಿಸುತ್ತಿದ್ದೇನೆ, ಅಷ್ಟೆ.

ಚಿಕ್ಕ ದೋಣಿ ನಡೆಸುವ ಮುದುಕ ಸೆಗುಂದೋ ಮಾತ್ರ ನನ್ನೊಡನೆ ಮಾತಾಡುತ್ತಾನೆ. “ಏನಮ್ಮಾ ಫಸ್ಟ್ ರ‍್ಯಾಂಕು, ಇವತ್ತು ಶಾರ್ಕುಗಳ ಹಾಜರಿ ತಗೊಂಡ್ಯಾ?” ಎನ್ನುತ್ತಾನೆ. ಉತ್ತರಿಸುವ ಅಗತ್ಯವಿಲ್ಲದ ಪ್ರಶ್ನೆಗಳನ್ನೇ ಅವನು ಕೇಳುವುದು.

ದಿನಗಳು ಕಡಿಮೆಯಾಗುತ್ತಿವೆ. ಬಿಸ್ಕತ್ತು ತಲುಪಿತು.

ಇತಿ,
ಯೊಮೈರಾ

೪

ವಿಯಾಮಿಲ್
ಸೆಪ್ಟೆಂಬರ್ ೨೦

ಯೊಮೈರಾ,

ಇದು ನಾನೇ ಬರೀತಿರೋದು, ಅವನು ಹೇಳಿಸಿದ್ದಲ್ಲ. ನಿನ್ನ ಕಾಗದ ತುಟಿ ಕಾಣೋ ಹಾಗೆ ಓದಿ ಹೇಳಿದೆ. “ತಮ್ಮನೂ ಇಲ್ಲ” ಅನ್ನೋ ಸಾಲು ಬಂದಾಗ ಎದ್ದು ಹೋದ. ಬ್ರೆಡ್ಡಿಗೂ ಬರ್ತಿಲ್ಲ, ನಾನೇ ಬಾಗಿಲಿಗೆ ನೇತುಹಾಕಿ ಬರ್ತೀನಿ. ಸಂಜೆ ದೋಣಿ ನಿಲ್ಲೋ ಧಕ್ಕೆ ಮೇಲೆ ಕೂತಿರ್ತಾನೆ, ಬಂದೋರನ್ನೂ ಹೋದೋರನ್ನೂ ನೋಡಲ್ಲ.

ಹುಡುಗಿ, ನೀನು ಜಾಣೆ, ನಂಗೊತ್ತು. ಆದ್ರೆ ನಿನ್ನ ಕಾಗದ ಓದೋವಾಗ ನಂಗೆ ಕೋರ್ಟಿನ ನೋಟೀಸು ಓದಿದ ಹಾಗಾಗುತ್ತೆ. ಒಂದು ಸಲ ‘ಹೇಗಿದ್ದೀರಿ’ ಅಂತ ಕೇಳಿದ್ರೆ ನಿನ್ನ ಮಾರ್ಕ್ಸ್ ಕಮ್ಮಿಯಾಗುತ್ತಾ?

ನಿನ್ನೆ ಬಂದು ನನ್ನ ಮೊಮ್ಮಗಳ ಹತ್ರ ಹಳೇ ನೋಟ್‌ಬುಕ್ಕು, ಪೆನ್ಸಿಲ್ಲು ಕೇಳಿ ತಗೊಂಡ.

ತಾರ್ಹೇಲಿಯಾ

೫

ಪುಯೆರ್ತೊ ಅಯೋರಾ
ಅಕ್ಟೋಬರ್ ೪

ಅಪ್ಪನಿಗೆ,

ಹೇಗಿದ್ದೀರಿ?

ಈ ವಾರ ನಡೆದದ್ದನ್ನು ನೀವು ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ತಿಳಿಸುವುದು ಒಳ್ಳೆಯದು. ಗುರುವಾರ ಡಾರ್ವಿನ್ ದ್ವೀಪದಲ್ಲಿ, ಗ್ರಜೀನಾ ಎಂಬ ಪೋಲೆಂಡಿನ ಮಹಿಳೆ ಒಂದು ತಿಮಿಂಗಿಲ ಶಾರ್ಕನ್ನು ಹಿಂಬಾಲಿಸಿ, ನನ್ನ ಸನ್ನೆಯನ್ನೂ ನೋಡದೆ, ಸರಸರನೆ ಮೇಲೆ ಬಂದುಬಿಟ್ಟಳು. ಅರ್ಧ ಗಂಟೆಯಲ್ಲಿ ಎಡಗೈ ಜೋಮು ಹಿಡಿಯಿತು. ಒಂದು ಗಂಟೆಯಲ್ಲಿ ಕಾಲು. ರಕ್ತದಲ್ಲಿ ಗಾಳಿಗುಳ್ಳೆ ಕಟ್ಟಿದ್ದರಲ್ಲಿ ನನಗೆ ಅನುಮಾನವಿರಲಿಲ್ಲ. ಆಮ್ಲಜನಕದ ಮುಖವಾಡ ಹಾಕಿ ಮಲಗಿಸಿದೆ. ಕಪ್ತಾನರು ಹಡಗು ತಿರುಗಿಸಿದರು. ಚಿಕಿತ್ಸೆಯ ಒತ್ತಡದ ಕೋಣೆ ಇರುವುದು ಪುಯೆರ್ತೊ ಅಯೋರಾದಲ್ಲಿ. ಹದಿನೇಳು ಗಂಟೆಯ ದಾರಿ.

ಸೆಗುಂದೋ ಕಿಟಕಿಯಲ್ಲಿ ತಲೆ ತೂರಿಸಿ, “ನಮ್ಮ ಕಾಲದಲ್ಲಿ ಹೀಗಾದ್ರೆ ಮತ್ತೆ ಕೆಳಗಿಳಿಸಿ ಗಾಳಿಗುಳ್ಳೆ ತೊಳೀತಿದ್ವಿ. ಕೆಳಗೆ ಹೋದ್ರೆ ನೋವು ಬಿಡ್ತಿತ್ತು” ಎಂದ.

ನಾನು ಎಲ್ಲರೆದುರಿಗೇ ಹೇಳಿದೆ: “ಅದು ತೊಳೆಯೋದಲ್ಲ, ಕೊಲೆ. ಮತ್ತೆ ಕೆಳಗಿಳಿಸಿದವನು ಕೊಲೆಗಾರ.”

ಪರೀಕ್ಷೆಯಲ್ಲಿ ಇದೇ ಪ್ರಶ್ನೆಯಿತ್ತು. ನನ್ನ ಉತ್ತರಕ್ಕೆ ಇಪ್ಪತ್ತಕ್ಕೆ ಇಪ್ಪತ್ತು ಬಂದಿತ್ತು.

ದಾರಿಯುದ್ದಕ್ಕೂ ಅವಳ ಪಕ್ಕದಲ್ಲಿ ನಾನೇ ಕೂತಿದ್ದೆ. “ಏನಾದರೂ ಮಾತಾಡ್ತಾ ಇರಿ, ಭಯವಾಗುತ್ತೆ. ನಿಮ್ಮ ಮನೆಯವರ ಬಗ್ಗೆ ಹೇಳಿ” ಎಂದಳು. ನಾನು ಪರೀಕ್ಷೆಯ ಪ್ರಶ್ನೋತ್ತರಗಳನ್ನು ಒಂದರಿಂದ ನಲವತ್ತರವರೆಗೆ ಒಪ್ಪಿಸಿದೆ. ಮುಗಿದ ಮೇಲೆ ಮತ್ತೆ ಒಂದರಿಂದ. ಇಂದು ಅವಳು ತನ್ನ ಕಾಲ ಮೇಲೆ ನಡೆದು ಕೋಣೆಯಿಂದ ಹೊರಬಂದಳು.

ನೀರಿನ ಕೆಳಗೆ ಹೋಗುವವಳು ನಿಮ್ಮ ಮಾತು ಮೀರಿದಳೆಂದು ನೀವು ನೊಂದಿರುವಿರಿ. ನೀರಿನ ಕೆಳಗೆ ಹೋದುದರಿಂದಲೇ ಒಂದು ಜೀವ ಉಳಿಸಿದೆನೆಂಬುದನ್ನೂ ನೀವು ತಿಳಿಯಬೇಕು.

ಗುರುತಿಗಾಗಿ ಮತ್ತೆ ಕೇಳುತ್ತಿದ್ದೇನೆ. ಇನ್ನು ಐದು ವಾರವಿದೆ.

ಯೊಮೈರಾ

೬

ವಿಯಾಮಿಲ್
ಅಕ್ಟೋಬರ್ ೧೮

ಯೊಮೈರಾ,

ಇದು ನನ್ನ ಕೈಬರಹ. ತಾರ್ಹೇಲಿಯಾಗೆ ಹೇಳಿಸೋ ಮಾತಲ್ಲ ಇದು. ಬರೆದು ಅಭ್ಯಾಸ ಇಲ್ಲ. ತಪ್ಪಿಗೆ ಕೆಂಪು ಗೀಟು ಹಾಕ್ಬೇಡ. ನಿನ್ನ ಕಾಗದಾನೂ ಈ ಸಲ ನಾನೇ ಓದಿದೆ. ಎರಡು ದಿನ ಹಿಡೀತು.

ವಿಲ್ಮರ್‌ನ ಅಲೆ ಹೊತ್ಕೊಂಡು ಹೋಯ್ತು ಅಂತ ಎಲ್ರಿಗೂ ಹೇಳಿದ್ದೆ. ಪಾದ್ರಿಗೂ ಹಾಗೇ ಹೇಳಿದ್ದೆ. ಅಲೆ ಇರ್ಲಿಲ್ಲ. ಆವತ್ತು ಕಡಲು ಕನ್ನಡಿ ಥರ ಇತ್ತು.

ಆ ಬಂಡೆಗೆ ನಾವಿಬ್ರೇ ಹೋಗಿದ್ವಿ. ಮೂರನೆಯವನನ್ನ ಕರ್ಕೊಂಡ್ಹೋದ್ರೆ ಜಾಗ ಗೊತ್ತಾಗಿಬಿಡುತ್ತೆ ಅಂತ. ಒಬ್ಬ ಕೆಳಗೆ ಇಳಿಯೋದು, ಒಬ್ಬ ಮೇಲೆ ಕಂಪ್ರೆಸರ್ ಕಾಯೋದು. ಮಧ್ಯಾಹ್ನ ಅವನು ಮೇಲೆ ಬಂದ. ಸೌತೆ ಚೀಲ ನನ್ನ ಕೈಗೆ ಕೊಟ್ಟು, ನಗ್ತಾ, “ಅಣ್ಣಾ, ನನ್ನ ಕಾಲು ಎಲ್ಲಿಟ್ಟೆ?” ಅಂದ. ತಮಾಷೆ ಅಂದ್ಕೊಂಡೆ. ಕಾಲು ಸತ್ತುಹೋಗಿತ್ತು.

ಬಂದರು ಒಂದೂವರೆ ದಿನ ದೂರ, ನಮ್ಮ ದೋಣೀಲಿ. ನಮಗೆಲ್ಲ ಗೊತ್ತಿದ್ದ ಮದ್ದು ಒಂದೇ. ನಂಗೂ ಎರಡು ಸಲ ಹಾಗೇ ವಾಸಿ ಮಾಡಿದ್ರು. ಅವನೊಬ್ಬನೇ ಇಳಿಯೋಕಾಗಲ್ಲ, ಕಾಲಿಲ್ಲ. ಅದಕ್ಕೆ ಇನ್ನೊಂದು ಪೈಪು ಸಿಕ್ಕಿಸಿ ನಾನೂ ಇಳಿದೆ, ಅವನನ್ನ ಎದೆಗೆ ಕಟ್ಕೊಂಡು. ಕೆಳಗೆ ಹೋಗ್ತಿದ್ದ ಹಾಗೆ ಅವನ ಕಾಲು ಆಡ್ತು. ಬೆರಳೆತ್ತಿ ಚೆನ್ನಾಗಿದ್ದೀನಿ ಅಂತ ತೋರಿಸಿದ. ಬಂಡೆ ಮೇಲೆ ಕೂತ್ವಿ. ಶಾರ್ಕುಗಳು ಮೇಲಿಂದ ಹೋಗ್ತಾನೇ ಇದ್ವು. ಅವನ್ನ ಅವನು ಎಣಿಸ್ತಿದ್ದ.

ಪೆಟ್ರೋಲ್ ನೋಡೋಕೆ ಮೇಲೆ ಯಾರೂ ಇರ್ಲಿಲ್ಲ.

ಎಂಜಿನ್ ನಿಂತಿದ್ದು ಕೇಳಿಸ್ತು. ನೀರಿನ ಕೆಳಗೆ ಅದು ಚೆನ್ನಾಗಿ ಕೇಳುತ್ತೆ. ಆಮೇಲೆ ಪೈಪಲ್ಲಿ ನಾಲ್ಕು ಉಸಿರಿತ್ತು. ಎರಡು ಅವನಿಗೆ, ಎರಡು ನಂಗೆ. ನಡುವೆ ಎಲ್ಲೋ ಕಟ್ಟು ಬಿಚ್ಚಿತು. ಬಿಚ್ಚಿದ್ದು ನಾನೋ ಅವನೋ ನಂಗೆ ಗೊತ್ತಿಲ್ಲ. ಹದಿನೈದು ವರ್ಷ ಆಯ್ತು, ಗೊತ್ತಿಲ್ಲ. ನಾನು ಮೇಲೆ ಬಂದಾಗ ಕಿವೀಲಿ ರಕ್ತ ಬರ್ತಿತ್ತು. ಆಮೇಲೆ ಏನೂ ಕೇಳಿಸಿಲ್ಲ.

ನೀನು ಬರೆದಿದ್ದು ಸರಿಯಾದ ಉತ್ತರ. ಆವತ್ತು ನಂಗೆ ಯಾರೂ ಆ ಪ್ರಶ್ನೆ ಕೇಳಿರ್ಲಿಲ್ಲ.

ಗುರುತು ಬರೆಯಲ್ಲ ಅಂದಿದ್ದೆ. ಬರೆದಿಲ್ಲ. ಚಿತ್ರ ಬಿಡಿಸಿದ್ದೀನಿ, ಹಿಂದಿನ ಹಾಳೆ ನೋಡು. ದೋಣಿಯಿಂದ ನೋಡಿದ್ರೆ ಒಂದು ಬಂಡೆ ಇನ್ನೊಂದರ ಹಿಂದೆ ಸೇರೋ ನೇರಕ್ಕೆ ಎಳೆದ ಎರಡು ಗೀಟು ಕೂಡೋ ಕಡೆ. ನಿನ್ನನ್ನ ಅಲ್ಲಿಗೆ ಕರ್ಕೊಂಡ್ಹೋಗಿ ಹೇಳ್ಬೇಕಿತ್ತು. ನನ್ನ ಕೈಲಾಗಲ್ಲ. ಯಾರಿಗೆ ಕೊಡ್ತೀಯೋ ನಿಂಗೆ ಬಿಟ್ಟಿದ್ದು. ದೊಡ್ಡ ಗೈಡ್ ಆಗು.

ಒಂದೇ ಮಾತು. ಅಲ್ಲಿಗೆ ಹೋದ್ರೆ ಎಂಜಿನ್ ನಿಲ್ಲಿಸ್ಬೇಡ.

ಬಾಗಿಲ ಮಾತು ನಾನು ಆಡಿದ್ದು ಹೌದು. ಅಗುಳಿ ಹಾಕಿಲ್ಲ.

ಎಫ್ರೇನ್

೭

‘ಲಾ ಗರೂವಾ’, ವೋಲ್ಫ್ ದ್ವೀಪ
ನವೆಂಬರ್ ೫

ಅಪ್ಪಾ,

ಎರಡು ಭಾನುವಾರ ಬಂದರಿನಲ್ಲಿದ್ದೂ ನಿನಗೆ ಬರೆಯಲಿಲ್ಲ. ಬರೆಯಲು ಕೂತೆ, ಎರಡು ಸಲ. ಕಾಗದ ವ್ಯರ್ಥವಾಯಿತು.

ನಿನ್ನೆ ಮಧ್ಯಾಹ್ನದ ಮುಳುಗು ಮುಗಿದು ಅತಿಥಿಗಳೆಲ್ಲ ಮಲಗಿದ್ದಾಗ, ಚಿಕ್ಕ ದೋಣಿಯ ಎಂಜಿನ್ ಸರಿಯಿದೆಯೇ ನೋಡಬೇಕೆಂದು ಕಪ್ತಾನರಿಗೆ ಹೇಳಿ ಸೆಗುಂದೋನನ್ನು ಹೊರಡಿಸಿದೆ. ಹಡಗಿನಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು. ನಿನ್ನ ಹಾಳೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಮೊಂಡು ಪೆನ್ಸಿಲ್ಲಿನಲ್ಲಿ ಬಿಡಿಸಿದ್ದರೂ ದ್ವೀಪದ ಬೆಟ್ಟದ ಅಂಚಿನಲ್ಲಿ ಒಂದು ಹಲ್ಲೂ ತಪ್ಪಿಲ್ಲ. ದೋಣಿ ಸಾಗಿದಂತೆ ಹೊರಗಿನ ಬಂಡೆ ಒಳಗಿನ ಬಂಡೆಯ ಬೆನ್ನಿಗೆ ಸರಿಯುತ್ತಾ ಸರಿಯುತ್ತಾ ಎರಡೂ ಒಂದೇ ಬಂಡೆಯಾಯಿತು. ಅದೇ ಹೊತ್ತಿಗೆ ಇನ್ನೊಂದು ಗೀಟೂ ಕೂಡಿತು.

“ಇಲ್ಲೇನಿದೆ, ಫಸ್ಟ್ ರ‍್ಯಾಂಕು?” ಎಂದು ಸೆಗುಂದೋ ಕೇಳಿದ.

“ಗೊತ್ತಿಲ್ಲ” ಎಂದೆ.

ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿದ. “ಎಂಜಿನ್ ಆರಿಸ್ಲಾ?”

“ಬೇಡ.”

“ಪೆಟ್ರೋಲ್ ದಂಡ ಕಣಮ್ಮಾ.”

“ಆಗ್ಲಿ.”

ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. ಅವನೂ ಆ ಕಾಲದವನು. ಕೆಲವನ್ನು ಅವನಿಗೆ ಹೇಳಬೇಕಾಗಿಲ್ಲ. ಅಕ್ಟೋಬರಿನಲ್ಲಿ ಎಲ್ಲರೆದುರಿಗೆ ಅವನಿಗೆ ನಾನು ಆಡಿದ ಮಾತಿಗೆ ಕ್ಷಮೆ ಕೇಳಿದೆ. “ಯಾವ ಮಾತು?” ಎಂದ. ಅವನಿಗೆ ಚೆನ್ನಾಗಿ ನೆನಪಿದೆ.

ಒಬ್ಬಳೇ ಮುಳುಗಬಾರದೆಂಬ ನಿಯಮವಿದೆ. ನಾನು ಮುಳುಗಲಿಲ್ಲ. ಮುಖಕ್ಕೆ ಮುಳುಗು ಕನ್ನಡಕ ಕಟ್ಟಿಕೊಂಡು, ದೋಣಿಯ ಅಂಚಿಗೆ ಹೊಟ್ಟೆಯಾನಿಸಿ, ತಲೆಯನ್ನಷ್ಟೇ ನೀರಿಗಿಟ್ಟೆ. ನೀರು ತಿಳಿಯಾಗಿತ್ತು. ಬಂಡೆಯ ಬೆನ್ನು ಕಂಡಿತು, ಇಬ್ಬರು ಪಕ್ಕಪಕ್ಕದಲ್ಲಿ ಕೂರುವಷ್ಟು ಸಮತಟ್ಟಾದ ಒಂದು ಕಡೆಯೂ ಕಂಡಿತು. ಅದರ ಮೇಲೆ ಸುತ್ತಿಗೆ ತಲೆಯ ಶಾರ್ಕುಗಳು ಹೋಗುತ್ತಲೇ ಇದ್ದವು, ಒಂದರ ಹಿಂದೆ ಒಂದು. ನಾನು ಎಣಿಸಿದೆ. ನೂರ ಹನ್ನೆರಡರವರೆಗೆ ಎಣಿಸಿ, ಉಸಿರಿಗಾಗಿ ತಲೆಯೆತ್ತಿದೆ. ಬೇರೇನೂ ಇರಲಿಲ್ಲ ಅಪ್ಪಾ. ನೀರಿನೊಳಗೆ ನಮ್ಮ ಎಂಜಿನ್ನಿನ ಸದ್ದು ಮಾತ್ರ ಇತ್ತು. ನೀನು ಹೇಳಿದ್ದು ನಿಜ, ಅದು ಅಲ್ಲಿ ಚೆನ್ನಾಗಿ ಕೇಳುತ್ತದೆ.

ಸತ್ತವರ ಹಬ್ಬಕ್ಕೆಂದು ತಾರ್ಹೇಲಿಯಾ ಕಳಿಸಿದ ಎರಡು ಬ್ರೆಡ್ ಬೊಂಬೆಗಳು ನನ್ನ ಬಳಿಯಿದ್ದವು. ನೀರಿಗೆ ಬಿಡಬೇಕೆಂದು ತಂದಿದ್ದೆ. ಬಿಡಲಿಲ್ಲ. ಒಂದನ್ನು ಸೆಗುಂದೋಗೆ ಕೊಟ್ಟೆ, ಒಂದನ್ನು ನಾನು ತಿಂದೆ. ಎಂಜಿನ್ ನಡೆಯುತ್ತಲೇ ಇತ್ತು.

ಚಿಕ್ಕಪ್ಪ ಎಷ್ಟರವರೆಗೆ ಎಣಿಸಿದ್ದನೆಂದು ನಿನ್ನನ್ನು ಕೇಳಬೇಕೆನಿಸುತ್ತದೆ. ಕಾಗದದಲ್ಲಿ ಕೇಳುವ ಪ್ರಶ್ನೆಯಲ್ಲ.

ದೊನ್ ಅಬ್ದೋನ್ ಭಾನುವಾರ ಧಕ್ಕೆಯಲ್ಲಿ ಕಾಯುತ್ತಿರುತ್ತಾರೆ.

ಯೊಮೈರಾ

೮

ಪುಯೆರ್ತೊ ಅಯೋರಾ
ನವೆಂಬರ್ ೮, ೨೦೧೫, ಭಾನುವಾರ

‘ಲಾ ಗರೂವಾ’ ಹಡಗಿನ ಯಜಮಾನರಾದ ದೊನ್ ಅಬ್ದೋನ್ ಬರ‍್ರಾಗಾನ್ ಅವರಿಗೆ,

ಮಾನ್ಯರೆ,

ಇಂದು ನವೆಂಬರ್ ಎಂಟು. ಜುಲೈ ತಿಂಗಳಲ್ಲಿ ನಾನು ನಿಮಗೆ ಕೊಟ್ಟ ಮಾತಿನ ಕುರಿತು ಲಿಖಿತ ಉತ್ತರ ನೀಡುವುದು ಈ ಪತ್ರದ ಉದ್ದೇಶ.

ಈ ವಾರದ ಮುಳುಗುಗಳ ವರದಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಏಳು ಮತ್ತು ಹನ್ನೆರಡನೇ ಸಿಲಿಂಡರುಗಳ ತಿರುಪು ಸಡಿಲವಾಗಿದೆ. ಹೊರಡುವ ಮೊದಲು ಬದಲಿಸಬೇಕು. ಬುಧವಾರ ಮಧ್ಯಾಹ್ನ ಚಿಕ್ಕ ದೋಣಿಯನ್ನು ಕಪ್ತಾನರಿಗೆ ನಿಜವಾದ ಕಾರಣ ತಿಳಿಸದೆ ಬಳಸಿದೆ. ಅದರ ಹೊಣೆ ನನ್ನದು, ದೋಣಿ ನಡೆಸಿದವನದಲ್ಲ. ಫಬ್ರೀಸಿಯೊನನ್ನು ಮುಖ್ಯ ಗೈಡ್ ಮಾಡಿದರೆ ನನ್ನ ಆಕ್ಷೇಪವಿಲ್ಲ, ಆತ ಜಾಗರೂಕ. ಈ ವಾರ ನನಗೆ ರಜೆ ಬೇಕು. ಮಧ್ಯಾಹ್ನ ಎರಡರ ದೋಣಿಗೆ ವಿಯಾಮಿಲ್‌ಗೆ ಹೋಗುತ್ತಿದ್ದೇನೆ.

ನೀವು ಕೇಳಿದ ಬಂಡೆ ಇದೆ. ಅದರ ಗುರುತು ನನಗೆ ಗೊತ್ತಿದೆ.

ಅದನ್ನು ನಾನು ಕೊಡುವುದಿಲ್ಲ.

ಯೊಮೈರಾ ಗುವಾಯ್ಚಾ